ಜಮಾ ಪಕ್ಕದ ಚುಕ್ಕಿ

ಶಿವಮೊಗ್ಗ ಜಿಲ್ಲೆಯಲ್ಲಿ ನಾನು ಈವರೆಗೆ ನಾಲ್ಕು ಸಂಸ್ಮರಣ ಸಂಚಿಕೆಗಳಿಗೆ ಕೆಲಸ ಮಾಡಿದ್ದೇನೆ. ಮೂರು ಅಚ್ಚಾದವು, ಬಿಡುಗಡೆಯಾದವು, ಬಂದವರ ಕೈಗೆ ಒಂದೊಂದು ಪ್ರತಿ ಹೋಯಿತು, ಅಲ್ಲಿಗೆ ಮುಗಿಯಿತು. ನಾಲ್ಕನೆಯದು ಹಾಗೆ ಮುಗಿಯಲಿಲ್ಲ. ಎರಡು ಮಳೆಗಾಲ ಹಿಡಿಯಿತು, ಸಮಿತಿಯನ್ನು ಎರಡು ಸಲ ಒಡೆಯುವ ಹಂತಕ್ಕೆ ತಂದಿತು. 1920ರ ದಶಕದಲ್ಲಿ ಹುಟ್ಟಿದವರಿಗೆಲ್ಲ ನೂರು ತುಂಬುತ್ತಿರುವ ಕಾಲ ಇದು; ಊರೂರಲ್ಲಿ ಶತಮಾನೋತ್ಸವ ಸಮಿತಿಗಳು ಹುಟ್ಟುತ್ತಿವೆ. ಅಂಥ ಸಮಿತಿಯಲ್ಲಿ ಕೂತವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಆ ನಾಲ್ಕನೆಯ ಸಂಚಿಕೆ ಯಾರ ನೆನಪಿಗೋ ಅವರ ಹೆಸರು ಹೇಳುವುದಿಲ್ಲ, 'ವಕೀಲರು' ಎಂದಷ್ಟೇ ಕರೆಯುತ್ತೇನೆ. ಊರು, ನೆಂಟಸ್ತಿಕೆ, ಕೆಲವು ಅಂಕಿಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಯಾಕೆ ಮುಚ್ಚಿಡಬೇಕಾಯಿತು ಎಂಬುದು ಈ ಪ್ರಕರಣದ ಒಳಗೇ ಇದೆ.

ಹಿನ್ನೆಲೆ

ವಕೀಲರು ತುಂಗೆಯ ಆಚೆ ದಡದ ಒಂದು ಅಡಿಕೆ ಬೆಳೆಗಾರರ ಮನೆಯವರು. ಗೇಣಿಗೆ ಕೊಟ್ಟ ಗದ್ದೆಯೂ ಇದ್ದ ಮನೆ. ಆ ಕಾಲದ ಮಲೆನಾಡೆಂದರೆ ಮಲೇರಿಯಾ. ಮಳೆ ಹಿಂದೆಗೆದ ಮೇಲೆ ಚಳಿಜ್ವರ ಹತ್ತದ ಮನೆ ಇರಲಿಲ್ಲ, ಗಡ್ಡೆಕಟ್ಟಿದ ಹೊಟ್ಟೆಯ ಮಕ್ಕಳು ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದವು. ವಕೀಲರ ಇಬ್ಬರು ಒಡಹುಟ್ಟಿದವರು ಆ ಜ್ವರದಲ್ಲೇ ಹೋದರು. ಇವರು ಬಿ.ಎ. ಮುಗಿಸಿ 1943ರಲ್ಲಿ ಸೈನ್ಯಕ್ಕೆ ಸೇರಿದರು, 1946ರಲ್ಲಿ ಬಿಡುಗಡೆಯಾಗಿ ಬಂದರು, ಪುಣೆಯಲ್ಲಿ ಕಾನೂನು ಓದಿ ಶಿವಮೊಗ್ಗದಲ್ಲಿ ಬೋರ್ಡು ಹಾಕಿದರು. ಮದುವೆಯಾಗಲಿಲ್ಲ. ಸುಮಾರು ನಾಲ್ಕು ದಶಕ ವಕಾಲತ್ತು ಮಾಡಿ ತೊಂಬತ್ತರ ದಶಕದ ಮೊದಲಲ್ಲಿ ತೀರಿಕೊಂಡರು.

"ಬಹಳ ಜನಕ್ಕೆ ಕೊಟ್ಟವರು" ಎಂದು ಎಲ್ಲರೂ ಹೇಳುತ್ತಿದ್ದರು. ಏನು ಕೊಟ್ಟರು, ಯಾರಿಗೆ ಕೊಟ್ಟರು ಎಂದು ಕೇಳಿದರೆ ಊರ ಶಾಲೆಯ ಒಂದು ಕೊಠಡಿ ಬಿಟ್ಟರೆ ತೋರಿಸಲು ಯಾರಿಗೂ ಏನೂ ಇರಲಿಲ್ಲ.

ಕರಪತ್ರದ ಮೂರು ಬಿರುದು

ಸಮಿತಿಯಲ್ಲಿ ಒಂಬತ್ತು ಜನ. ವಕೀಲರ ಅಣ್ಣನ ಮಗ, ಅವರ ಇಬ್ಬರು ಜೂನಿಯರುಗಳು (ಇಬ್ಬರಿಗೂ ಈಗ ಎಪ್ಪತ್ತು ದಾಟಿದೆ), ಆ ಶಾಲೆಯ ಹಳೆಯ ವಿದ್ಯಾರ್ಥಿಗಳು, ಅಡಿಕೆ ಮಂಡಿಯ ವ್ಯಾಪಾರಿಯೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಶಿಕಾರಿಪುರ ಕಡೆಯ ಒಬ್ಬ ಹಿರಿಯರು. ಸಂಚಿಕೆಯ ಹೊಣೆ ನನಗೆ ಬಂತು. ಯೋಜನೆ ಮೊದಲೇ ಸಿದ್ಧವಾಗಿತ್ತು: ಸರ್ಕಲ್ಲಿನಲ್ಲಿ ಎದೆಮಟ್ಟದ ಪ್ರತಿಮೆ, ಇನ್ನೂರು ಪುಟದ ಸಂಚಿಕೆ, ಒಂದು ದಿನದ ಸಮಾರಂಭ. ಕರಪತ್ರವೂ ಅಚ್ಚಿಗೆ ಹೋಗುವುದರಲ್ಲಿತ್ತು. ಅದರಲ್ಲಿ ಹೆಸರಿನ ಕೆಳಗೆ ಮೂರು ಸಾಲು: 'ಸ್ವಾತಂತ್ರ್ಯ ಹೋರಾಟಗಾರರು, ಆಜಾದ್ ಹಿಂದ್ ಫೌಜಿನ ವೀರಯೋಧರು, ಕೊಡುಗೈ ದಾನಿಗಳು.'

ಈ ಮೂರಕ್ಕೂ ಆಧಾರವೇನು ಎಂದು ಕೇಳಿದೆ. ಬರ್ಮಾ ಯುದ್ಧಕ್ಕೆ ಹೋಗಿದ್ದರು ಎಂಬುದು ಮನೆಯವರಿಗೆ ಗೊತ್ತಿತ್ತು. ಬರ್ಮಾ ಎಂದರೆ ನೇತಾಜಿ, ನೇತಾಜಿ ಎಂದರೆ ಫೌಜು, ಫೌಜು ಎಂದರೆ ಸ್ವಾತಂತ್ರ್ಯ ಹೋರಾಟ. ಹೀಗೆ ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿಕೊಂಡಿತ್ತು. ಯಾರೂ ಬೇಕೆಂದೇ ಸುಳ್ಳು ಹೇಳಿರಲಿಲ್ಲ. ಮೂವತ್ತು ವರ್ಷದ ಮಾತಿನಲ್ಲಿ ಕಥೆ ತಾನಾಗಿ ಬೆಳೆದಿತ್ತು.

ಆದರೆ ಅದು ಹಾಗೆ ಬೆಳೆಯಲು ಒಂದು ಕಾರಣವೂ ಇತ್ತು, ಅದನ್ನು ಹೇಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಈ ಜಿಲ್ಲೆಗೆ 1942 ಎಂದರೆ ಈಸೂರು. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಇವತ್ತಿಗೂ ನಮ್ಮ ಮಕ್ಕಳ ಬಾಯಲ್ಲಿದೆ. ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಊರ ಮೇಲೆ ದಾಳಿಯಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಇದೇ ಜಿಲ್ಲೆಯ ಹುಡುಗನೊಬ್ಬ ಬ್ರಿಟಿಷರ ಸೈನ್ಯದ ಸಮವಸ್ತ್ರ ತೊಟ್ಟ ಎಂದು ಹೇಳುವುದು ಮನೆಯವರಿಗೆ ಸುಲಭವಲ್ಲ. ಹೇಳದೆ ಬಿಟ್ಟ ಜಾಗವನ್ನು ಫೌಜು ತುಂಬಿತ್ತು.

ಕರಪತ್ರವನ್ನು ಒಂದು ತಿಂಗಳು ತಡೆಹಿಡಿಯಿರಿ ಎಂದು ಬೇಡಿಕೊಂಡೆ. ವ್ಯಾಪಾರಿಗಳು ಬೇಸರಪಟ್ಟರು, ಆದರೆ ಒಪ್ಪಿದರು. ಎಲ್ಲರೂ ನನ್ನನ್ನು ಅಡ್ಡಗಾಲು ಎಂದುಕೊಂಡಿದ್ದ ಆ ಒಂದು ತಿಂಗಳು ಸಿಗದೆ ಹೋಗಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ.

ಪ್ರಶ್ನೆ ಬದಲಿಸಿದ್ದು

ಅಷ್ಟರಲ್ಲಿ ನಲವತ್ತು ಜನರಿಗೆ ಪತ್ರ ಬರೆದು ಲೇಖನ ಕೇಳಿದ್ದೆ. ಇಪ್ಪತ್ತಾರು ಬಂದವು. ಒಂದೇ ಸಂಜೆ ಕೂತು ಎಲ್ಲವನ್ನೂ ಓದಿ ಎದೆ ಭಾರವಾಯಿತು. ಸರಳ ಸಜ್ಜನಿಕೆಯ ಮೂರ್ತಿ, ಅಜಾತಶತ್ರು, ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಟ್ಟವರು. ವಕೀಲರ ಹೆಸರು ತೆಗೆದು ನಾನು ಹಿಂದೆ ಸಂಚಿಕೆ ಮಾಡಿದ ಮೇಷ್ಟರ ಹೆಸರು ಹಾಕಿದರೂ ಒಂದು ಅಕ್ಷರ ಬದಲಿಸಬೇಕಾಗಿರಲಿಲ್ಲ. ಬರೆದವರದು ತಪ್ಪಲ್ಲ. 'ನಿಮ್ಮ ನೆನಪುಗಳನ್ನು ಬರೆದುಕೊಡಿ' ಎಂದು ಕೇಳಿದ್ದು ನನ್ನ ತಪ್ಪು. ಹಾಗೆ ಕೇಳಿದರೆ ಜನ ಹಾರ ಹಾಕುತ್ತಾರೆ.

ಆಮೇಲೆ ಬರೆಯಲು ಹೇಳುವುದನ್ನು ಬಿಟ್ಟೆ. ಮನೆಮನೆಗೆ ಹೋಗಿ ಸಣ್ಣ ಪ್ರಶ್ನೆಗಳನ್ನು ಕೇಳತೊಡಗಿದೆ. ಅವರ ಆಫೀಸಿನಲ್ಲಿ ಕಕ್ಷಿದಾರರು ಎಲ್ಲಿ ಕೂರುತ್ತಿದ್ದರು? ಫೀಸು ಹೇಗೆ ಕೇಳುತ್ತಿದ್ದರು? ಯಾವುದಕ್ಕೆ ಸಿಟ್ಟು ಬರುತ್ತಿತ್ತು? ನೀವು ಅವರಿಂದ ಒಮ್ಮೆಯಾದರೂ ಬೈಸಿಕೊಂಡಿದ್ದೀರಾ?

ಜೂನಿಯರುಗಳಲ್ಲಿ ಒಬ್ಬರು ಈ ಕೊನೆಯ ಪ್ರಶ್ನೆಗೆ ಅರ್ಧ ಗಂಟೆ ಮಾತಾಡಿದರು. ಎಪ್ಪತ್ತರ ದಶಕದ ಮೊದಲ ವರ್ಷಗಳ ಒಂದು ದಾವೆ. ವಿಧವೆಯೊಬ್ಬಳಿಗೆ ಗಂಡನ ಪಾಲು ಬರಬೇಕು, ಕೋರ್ಟ್ ಫೀಸ್ ಕಟ್ಟುವ ಶಕ್ತಿ ಇಲ್ಲ. ಶುಲ್ಕವಿಲ್ಲದೆ ದಾವೆ ಹೂಡಲು ಕಾನೂನಿನಲ್ಲೇ ದಾರಿಯಿದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ. ಆದರೆ ಆಗ ಅದರ ಹೆಸರೇ ಪಾಪರ್ ಅರ್ಜಿ. ತನ್ನಲ್ಲಿ ಏನೂ ಇಲ್ಲ ಎಂದು ಪ್ರಮಾಣ ಮಾಡಬೇಕು, ಅದರ ಮೇಲೆ ವಿಚಾರಣೆ, ಎದುರು ಪಕ್ಷದ ವಕೀಲ ಮೈಮೇಲಿನ ಮೂಗುತಿಯ ಬೆಲೆಯನ್ನೂ ಕೇಳಬಹುದು. ದಿವಾಳಿ ಎದ್ದವನಿಗೆ ನಮ್ಮಲ್ಲಿ ಪಾಪರ್ ಚೀಟಿ ಎಂಬ ಮಾತಿರುವುದೇ ಆ ಪದದಿಂದ. 1976ರ ತಿದ್ದುಪಡಿಯ ಮೇಲಷ್ಟೇ ಕಾನೂನಿನಿಂದ ಆ ಪದ ಹೋಯಿತು. ಜೂನಿಯರು ಕಷ್ಟಪಟ್ಟು ಆ ಅರ್ಜಿ ತಯಾರು ಮಾಡಿ ಮೇಜಿನ ಮೇಲಿಟ್ಟರು. ವಕೀಲರು ಓದಿ, ಎರಡಾಗಿ ಹರಿದು, "ನಿಮ್ಮ ತಾಯಿಯನ್ನ ಹೀಗೆ ನಿಲ್ಲಿಸ್ತೀರಾ?" ಎಂದು ಕೂಗಿದರಂತೆ. ಮಾರನೆಯ ದಿನ ಛಾಪಾ ಕಾಗದ ತಂದದ್ದು ವಕೀಲರದೇ ದುಡ್ಡಿನಲ್ಲಿ.

ಬಡವರಿಗೆ ಉಚಿತ ಕಾನೂನು ನೆರವು ಎಂಬುದು ಸಂವಿಧಾನದೊಳಗೆ 39ಎ ವಿಧಿಯಾಗಿ ಬಂದದ್ದು ಕೂಡ 1976ರಲ್ಲೇ. ಅದಕ್ಕೊಂದು ವ್ಯವಸ್ಥೆ ಕಟ್ಟಿದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಯಾದದ್ದು 1995ರ ನವೆಂಬರ್ 9ರಂದು. ವಕೀಲರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಇವರು ಮಾಡಿದ್ದನ್ನು ಇವರ ಕಾಲದಲ್ಲಿ ಯಾವ ಪದದಲ್ಲೂ ಕರೆಯುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಟ್ರಂಕು

ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದ್ದು ಅಣ್ಣನ ಮಗನೇ. ಮೇಲೆ ಹಳೆಯ ಕರಿಕೋಟು, ಅದರ ಕೆಳಗೆ ಒಂದು ಬಿಡುಗಡೆ ಪತ್ರ, ನೋಟ್‌ಬುಕ್, ಬಿಳಿ ಬಟ್ಟೆಯಲ್ಲಿ ಸುತ್ತಿದ ಮೂರು ಪದಕ. ಎರಡು ನಕ್ಷತ್ರ, ಒಂದು ದುಂಡನೆಯದು. ರಿಬ್ಬನ್ನುಗಳು ಗೆದ್ದಲಿಗೆ ಹೋಗಿದ್ದವು.

ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ಹೆಸರು ಒತ್ತಿದ್ದಾರೆ: ನಕ್ಷತ್ರವಾದರೆ ಬೆನ್ನಿಗೆ, ದುಂಡು ಪದಕವಾದರೆ ಅಂಚಿಗೆ. ಮನೆಯಲ್ಲಿ ಇಂಥವು ಇದ್ದವರು ಭೂತಗನ್ನಡಿ ಹಿಡಿದು ನೋಡಬೇಕು, ಸಂಖ್ಯೆ, ಹುದ್ದೆ, ದಳ ಎಲ್ಲ ಅಲ್ಲಿರುತ್ತದೆ. ನಾವೂ ನೋಡಿದೆವು. ನಕ್ಷತ್ರಗಳಲ್ಲಿ ಒಂದು ಬರ್ಮಾ ಸ್ಟಾರ್, ಬರ್ಮಾ ರಂಗದಲ್ಲಿ ದುಡಿದವರಿಗೆ ಕೊಟ್ಟ ಪದಕ. ಅದರ ಬೆನ್ನಿನ ಮೇಲೆ ವಕೀಲರ ಹೆಸರಿತ್ತು, ಇಂಡಿಯನ್ ಆರ್ಮಿ ಮೆಡಿಕಲ್ ಕೋರ್‌ನ ಹವಾಲ್ದಾರ್. 1943ರ ಏಪ್ರಿಲ್‌ನಲ್ಲಷ್ಟೇ ಹುಟ್ಟಿದ್ದ ದಳ ಅದು. ಫೌಜಿನ ಕಥೆ ಅಲ್ಲಿಗೆ ಮುಗಿಯಿತು. ಬರ್ಮಾ ಸ್ಟಾರ್ ಕೊಟ್ಟದ್ದು ಫೌಜು ಯಾರ ಎದುರು ಹೋರಾಡಿತೋ ಆ ಬ್ರಿಟಿಷರು.

ನೋಟ್‌ಬುಕ್ಕಿನಿಂದ ಉಳಿದದ್ದು ತಿಳಿಯಿತು. ಗುಮಾಸ್ತನ ಕೆಲಸಕ್ಕೆ ಸೇರಿದವರು ಗಾಯಾಳುಗಳನ್ನು ಸಾಗಿಸುವ ಫೀಲ್ಡ್ ಆಂಬ್ಯುಲೆನ್ಸ್ ಜೊತೆ ಇಂಫಾಲಕ್ಕೆ ಹೋಗಿದ್ದರು. 1944ರ ಮಾರ್ಚ್ ಕೊನೆಗೆ ಜಪಾನೀಯರು ಕೊಹಿಮಾ ರಸ್ತೆ ಕಡಿದರು; ಜೂನ್ 22ಕ್ಕೆ ಅದು ತೆರೆಯುವವರೆಗೆ ಇಂಫಾಲಕ್ಕೆ ಅಕ್ಕಿ, ಮದ್ದು, ಗುಂಡು ಎಲ್ಲವೂ ವಿಮಾನದಲ್ಲೇ ಬರಬೇಕಿತ್ತು, ಗಾಯಗೊಂಡವರು ವಿಮಾನದಲ್ಲೇ ಹೋಗಬೇಕಿತ್ತು. ಆ ರಂಗದಲ್ಲಿ ಗುಂಡಿಗಿಂತ ರೋಗವೇ ದೊಡ್ಡ ಶತ್ರು. 1943ರಲ್ಲಿ ಗಾಯವಾಗಿ ಹಿಂದೆ ಸಾಗಿಸಿದ ಒಬ್ಬ ಸೈನಿಕನಿಗೆ 120 ಮಂದಿ ರೋಗಿಗಳಿದ್ದರು, ಬಹುಪಾಲು ಮಲೇರಿಯಾ. ಮೈ ಹಳದಿಯಾಗಿಸುವ ಮೆಪಾಕ್ರಿನ್ ಗುಳಿಗೆಯನ್ನು ಸಾಲಿನಲ್ಲಿ ನಿಲ್ಲಿಸಿ ನುಂಗಿಸುತ್ತಿದ್ದರು. ಮನೆಯಲ್ಲಿ ಎರಡು ಜೀವ ಕೊಂದ ಜ್ವರವನ್ನು ಈ ಹುಡುಗ ಮೂರು ಸಾವಿರ ಕಿಲೋಮೀಟರ್ ಆಚೆ ಮತ್ತೆ ಕಂಡಿದ್ದ.

ನೋಟ್‌ಬುಕ್ಕಿನ ಹೆಚ್ಚಿನ ಪುಟಗಳಲ್ಲಿ ಇದ್ದದ್ದು ವಿಳಾಸಗಳು. ಓದುಬರಹವಿಲ್ಲದ ಸಿಪಾಯಿಗಳ ಪರವಾಗಿ ಬರೆದ ಪತ್ರಗಳ ಲೆಕ್ಕ ಅದು. ಹೆಸರು, ಹಳ್ಳಿ, ಜಿಲ್ಲೆ, ಯಾರಿಗೆ, ತಾರೀಖು. ಬರೆಸಿದವನು ಆಮೇಲೆ ಸತ್ತಿದ್ದರೆ ಹೆಸರಿನ ಕೆಳಗೆ ಒಂದು ಗೆರೆ. ಕೆಲವು ಪತ್ರಗಳ ಕರಡು ರೋಮನ್ ಲಿಪಿಯ ಉರ್ದುವಿನಲ್ಲಿವೆ, ಸೈನ್ಯದ ಭಾಷೆ ಆಗ ಅದೇ. ಯುದ್ಧ ಮುಗಿಯುವ ಹೊತ್ತಿಗೆ ಆ ಸೈನ್ಯದಲ್ಲಿ 25 ಲಕ್ಷ ಭಾರತೀಯರಿದ್ದರು. ಅವರ ಮನೆಗಳಿಗೆ ಹೋದ ಪತ್ರಗಳನ್ನು ಯಾರಾದರೂ ಬರೆದಿರಲೇಬೇಕಲ್ಲ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಇದನ್ನೆಲ್ಲ ಸಮಿತಿಯ ಮುಂದಿಟ್ಟ ದಿನ ಸಮಿತಿ ಒಡೆಯುವುದರಲ್ಲಿತ್ತು. ಅಣ್ಣನ ಮಗ ಮಾತಾಡದೆ ಕೂತರು. ವ್ಯಾಪಾರಿಗಳು ಯುದ್ಧದ ವಿಷಯವನ್ನೇ ಪೂರ್ತಿ ಕೈಬಿಡೋಣ, ದಾನ ಸಾಕು ಎಂದರು. ಎಲ್ಲರೂ ಶಿಕಾರಿಪುರದ ಹಿರಿಯರ ಮುಖ ನೋಡಿದರು. ಅವರ ತಾಯಿಯ ತವರಿನವರು ಈಸೂರಿನ ಮೊಕದ್ದಮೆಯಲ್ಲಿ ಜೈಲು ಕಂಡವರು. ವಿರೋಧ ಬಂದರೆ ಅವರಿಂದಲೇ ಬರಬೇಕು.

ಅವರು ಪದಕ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಏನು ಮಾಡ್ತಿದ್ರು?"

"ಗಾಯವಾದವರನ್ನ ಹೊರೋದು. ಕಾಗದ ಬರೆಯೋದು."

"ಹೊತ್ತಿದ್ರೆ ಹೊತ್ತಿದ್ರು ಅಂತ ಬರೀರಿ. ಅದಕ್ಕೆ ಯಾರು ಬೇಡ ಅಂತಾರೆ? ಆದ್ರೆ ಹೋರಾಟಗಾರ ಅನ್ನೋ ಮಾತು ಹಾಕಬೇಡಿ. ಅದು ನೇಣಿಗೆ ಹೋದ ಐದು ಜನದ್ದು. ಅದನ್ನ ಸಾಲ ಕೊಡೋಕೆ ನನ್ನದಲ್ಲ, ಇಸ್ಕೊಳ್ಳೋಕೆ ನಿಮ್ಮದಲ್ಲ."

ಈ ಪ್ರಕರಣದ ಮೊದಲ ತಿರುವು ಇದು. ಕರಪತ್ರದಿಂದ ಎರಡು ಸಾಲು ಹೋದವು. ಅವುಗಳ ಜಾಗದಲ್ಲಿ 'ಎರಡನೇ ಮಹಾಯುದ್ಧದಲ್ಲಿ ವೈದ್ಯಕೀಯ ದಳದ ಹವಾಲ್ದಾರ್, ಇಂಫಾಲ, 1944' ಎಂಬ ಒಂದೇ ಸಾಲು ಬಂತು. ಬಿರುದು ಕಳೆದರೆ ಗೌರವ ಕಳೆಯುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ಆ ಸಾಲು ಓದಿ ಮೂರು ಮನೆಗಳವರು ತಮ್ಮ ಅಜ್ಜಂದಿರ ಪದಕಗಳನ್ನು ಹುಡುಕಿ ತೆಗೆದರು. ಅಲ್ಲಿಯವರೆಗೆ ಅವರೂ ಹೇಳಿಕೊಂಡಿರಲಿಲ್ಲ.

ಗುಮಾಸ್ತರ ಪುಸ್ತಕಗಳು

ವಕೀಲರ ಜೊತೆ ಮೂವತ್ತು ವರ್ಷ ಇದ್ದ ಗುಮಾಸ್ತರು ತೀರಿಕೊಂಡಿದ್ದರು. ಅವರ ಮಗನ ಮನೆಯಲ್ಲಿ ಹತ್ತೊಂಬತ್ತು ಲೆಕ್ಕದ ಪುಸ್ತಕಗಳಿದ್ದವು, ಕೆಂಪು ಬಟ್ಟೆಯ ರಟ್ಟಿನವು. ಹಳೆಯವುಗಳಲ್ಲಿ ರೂಪಾಯಿ, ಆಣೆ, ಪೈ ಎಂದು ಮೂರು ಕಾಲಂ. 1957ರ ಏಪ್ರಿಲ್‌ನಿಂದ ನಯಾಪೈಸೆ ಬಂದು ಎರಡಾಗುತ್ತವೆ. ಬ್ಯಾಂಕಿನಿಂದ ನಿವೃತ್ತರಾದವರು ಅವನ್ನು ಮನೆಗೆ ಒಯ್ದರು. ಮೂರು ವಾರದ ಮೇಲೆ ಫೋನ್ ಮಾಡಿ, "ಇದರಲ್ಲಿ ಏನೋ ಸರಿಯಿಲ್ಲ" ಎಂದರು.

ಜಮಾ ಬಂದ ಫೀಸಿನ ಮೊತ್ತ ಪ್ರತಿ ವರ್ಷ ಚೆನ್ನಾಗಿಯೇ ಇತ್ತು. ವಕೀಲರ ಪಾಸ್‌ಬುಕ್ಕು, ಮನೆಖರ್ಚಿನ ಪುಸ್ತಕ ಎರಡನ್ನೂ ಎದುರಿಗಿಟ್ಟರೆ ಅಷ್ಟು ಹಣ ಬಂದೇ ಇಲ್ಲ. ವರ್ಷಕ್ಕೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಗಾಳಿಯಲ್ಲಿ ಹೋದಂತಿತ್ತು. ಬ್ಯಾಂಕಿನವರ ಮನಸ್ಸಿಗೆ ಮೊದಲು ಬಂದದ್ದು ಗುಮಾಸ್ತರು ತಿಂದಿರಬೇಕು ಎಂಬ ಸಂಶಯ. ಅದನ್ನು ಅವರು ನನ್ನ ಹತ್ತಿರ ಮಾತ್ರ ಹೇಳಿದರು, ಆಮೇಲೆ ಅದಕ್ಕಾಗಿ ಬಹಳ ನೊಂದುಕೊಂಡರು.

ಕೆಲವು ಜಮಾ ಮೊತ್ತಗಳ ಪಕ್ಕದಲ್ಲಿ ಸೂಜಿಮೊನೆಯಷ್ಟು ಚುಕ್ಕಿಗಳಿದ್ದವು. ಶಾಯಿ ತಾಗಿದ್ದು ಎಂದು ಮೊದಲು ಬಿಟ್ಟಿದ್ದರು. ಚುಕ್ಕಿಯಿದ್ದ ಮೊತ್ತಗಳನ್ನು ಬೇರೆ ಕೂಡಿದಾಗ ಆ ವರ್ಷ ಕಾಣೆಯಾದ ಹಣಕ್ಕೆ ಸರಿಹೊಂದಿತು. ಮುಂದಿನ ವರ್ಷದ್ದೂ ಹೊಂದಿತು.

ಗುಮಾಸ್ತರ ಹೆಂಡತಿಗೆ ಎಂಬತ್ತೇಳು ವರ್ಷ. ಕಣ್ಣು ಮಂಜು, ಮಾತು ಸ್ಪಷ್ಟ. ಚುಕ್ಕಿಯ ವಿಷಯ ಕೇಳಿದ ಕೂಡಲೇ ಹೇಳಿದರು. ಕೊಡಲಾಗದವರ ಫೀಸನ್ನು ಬಾಕಿ ಎಂದು ಬರೆಯಬೇಡಿ, ಬಂದಿದೆ ಎಂದೇ ಬರೆಯಿರಿ ಎಂದು ವಕೀಲರ ಅಪ್ಪಣೆ. "ಬಾಕಿ ಬರೆದ್ರೆ ಅವ್ರು ಮತ್ತೆ ನಮ್ಮ ಜಗಲಿ ಹತ್ತೋದಿಲ್ಲ. ನಾಳೆ ಬೇರೆ ತೊಂದರೆ ಬಂದ್ರೂ ನಾಚಿಕೆಯಿಂದ ಮನೇಲೇ ಕೂರ್ತಾರೆ" ಎಂದು ಹೇಳುತ್ತಿದ್ದರಂತೆ. ಮತ್ತೆ ಬಂದವನು ಹಳೆಯದನ್ನು ನೆನಪಿಸಿದರೆ ಪುಸ್ತಕ ತೆಗೆಸಿ ತೋರಿಸುತ್ತಿದ್ದರು: ನೋಡು, ನಿನ್ನ ಹೆಸರಿನಲ್ಲಿ ಜಮಾ ಇದೆ, ಯಾರೋ ಕಟ್ಟಿದ್ದಾರೆ. ಲೆಕ್ಕದಲ್ಲಿ ಸುಳ್ಳು ಬರೆಯಲು ಗುಮಾಸ್ತರ ಕೈ ಒಪ್ಪುತ್ತಿರಲಿಲ್ಲ. ಚುಕ್ಕಿ ಅವರು ತಮ್ಮ ಮನಸ್ಸಿನ ಸಮಾಧಾನಕ್ಕೆ ಇಟ್ಟದ್ದು, ವಕೀಲರಿಗೂ ಗೊತ್ತಿರಲಿಲ್ಲ.

ಇನ್ನೂ ಒಂದು ಸಂಗತಿ ಬ್ಯಾಂಕಿನವರು ಕಂಡುಹಿಡಿದದ್ದು. ಬರದೆ ಇದ್ದ ಆ ಫೀಸು ಪುಸ್ತಕದಲ್ಲಿ ಜಮಾ ಆಗಿತ್ತಲ್ಲ, ವಕೀಲರು ಅದನ್ನೂ ಆದಾಯವೆಂದು ತೋರಿಸಿ ತೆರಿಗೆ ಕಟ್ಟಿದ್ದರು. ರಿಟರ್ನುಗಳ ನಕಲು ಅದೇ ಕಟ್ಟಿನಲ್ಲಿತ್ತು. ಇದನ್ನು ಹೇಳುವಾಗ ಬ್ಯಾಂಕಿನವರ ದನಿ ನಡುಗಿತು.

ಈಗ ನಮ್ಮ ಕೈಯಲ್ಲಿ ಚುಕ್ಕಿಯಿದ್ದ ಮುನ್ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಪಟ್ಟಿಯನ್ನು ಹಾಗೇ ಅಚ್ಚು ಮಾಡೋಣ, ಇದಕ್ಕಿಂತ ದೊಡ್ಡ ಪುರಾವೆ ಬೇಕೇ ಎಂದು ವ್ಯಾಪಾರಿಗಳು ಉತ್ಸಾಹದಿಂದ ಹೇಳಿದರು. ಒಂದು ದಿನ ನನಗೂ ಹಾಗೇ ಅನಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ದಾನಕ್ಕೆ ಆಧಾರ ಸಿಕ್ಕದೆ ಒದ್ದಾಡಿದವನಿಗೆ ಆಧಾರ ಸಿಕ್ಕಿದ ಸಂತೋಷ. ರಾತ್ರಿ ಮಲಗಿದ ಮೇಲೆ ಹರಿದ ಪಾಪರ್ ಅರ್ಜಿಯ ನೆನಪಾಯಿತು. ಆ ಹೆಂಗಸನ್ನು ಕೋರ್ಟಿನ ಮುಂದೆ ಬಡವಿ ಎಂದು ನಿಲ್ಲಿಸಲು ಒಪ್ಪದ ಮನುಷ್ಯ, ಐವತ್ತು ವರ್ಷದ ಮೇಲೆ ತನ್ನದೇ ಸಂಚಿಕೆಯಲ್ಲಿ ಅವಳ ಹೆಸರನ್ನು ಅಚ್ಚು ಹಾಕಿಸಲು ಒಪ್ಪುತ್ತಿದ್ದರೇ?

ಪಟ್ಟಿ ಅಚ್ಚಾಗಲಿಲ್ಲ. ನಮಗೆ ಗೊತ್ತಿದ್ದ ಹನ್ನೊಂದು ಕುಟುಂಬಗಳಿಗೆ ಮಾತ್ರ ಖಾಸಗಿಯಾಗಿ ಹೋಗಿ ಹೇಳಿದೆವು. ನಾಲ್ವರು ಹೆಸರು ಬದಲಿಸಿ ಬರೆಯಬಹುದೆಂದರು. ಒಬ್ಬರು, ಈಗ ಅನುಕೂಲಸ್ಥರು, ಹೆಸರು ಸಮೇತ ಬರೆಯಿರಿ ಎಂದು ಹಠ ಹಿಡಿದರು. ಅವರ ತಂಗಿ ಬೇಡವೆಂದದ್ದರಿಂದ ಬಿಟ್ಟೆವು. ಒಬ್ಬ ಮಗ ತನ್ನ ಅಪ್ಪನ ಹೆಸರಿದ್ದ ಪುಟದ ಫೋಟೋ ತೆಗೆದುಕೊಂಡು, ಸಂಚಿಕೆಗೆ ಏನೂ ಬೇಡ ಎಂದು ಹೇಳಿ ಹೋದರು. ಇಲ್ಲಿ ನಾನು ವಕೀಲರ ಹೆಸರನ್ನೇ ಹೇಳದಿರುವುದಕ್ಕೂ ಇದೇ ಕಾರಣ. ಅವರ ಹೆಸರು ಹೇಳಿದರೆ ಆ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆ ಎಂದು ಎಣಿಸುವುದು ಕಷ್ಟವಲ್ಲ.

ಏಳನೇ ನಂಬರ್ ಫಾರಂ

ಎರಡನೆಯ ಬಿಕ್ಕಟ್ಟು ಬಂದದ್ದು ಮನೆಯೊಳಗಿಂದ.

1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂದು, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಿಸಿ ಹಕ್ಕು ಕೊಡುವ ಕಾನೂನು ಬಂತು. ಅರ್ಜಿಗೆ ಕೊನೆಯ ದಿನ ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಮಲೆನಾಡಿನಲ್ಲಿ ಇದಕ್ಕೆ ಡಿಕ್ಲರೇಷನ್ ಹಾಕುವುದು ಎನ್ನುತ್ತಾರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ ಎದ್ದ ರೈತರ ಮಕ್ಕಳು, ಮೊಮ್ಮಕ್ಕಳು ಈಗ ನೆಲವನ್ನೇ ಕೇಳಬಹುದಿತ್ತು. ಆದರೆ ಫಾರಂ ತುಂಬಬೇಕು: ಸರ್ವೆ ನಂಬರ್, ಚಕ್ಕುಬಂದಿ, ಎಷ್ಟು ವರ್ಷದಿಂದ ಗೇಣಿ. ಬರೆಯಲು ಬರುವವರು ಹೆಚ್ಚಾಗಿ ಒಡೆಯರ ಮನೆಯವರೇ. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯಲ್ಲೇ ಇತ್ತು.

ಹಾಜರಾಗುವಂತಿಲ್ಲ, ಆದರೆ ಬರೆದುಕೊಡುವುದಕ್ಕೆ ಯಾರ ಅಡ್ಡಿ? ನಮ್ಮ ವಕೀಲರು ಶನಿವಾರ, ಭಾನುವಾರ ತಾಲ್ಲೂಕು ಕಚೇರಿಯ ಎದುರಿನ ಮರದ ಕೆಳಗೆ ಮಡಚುವ ಮೇಜು ಹಾಕಿ ಕೂತರು. ಬಂದವರಿಗೆಲ್ಲ ಫಾರಂ ತುಂಬಿಕೊಟ್ಟರು. ಬಂದವರಲ್ಲಿ ಅವರ ಸ್ವಂತ ಮನೆಯ ಗೇಣಿದಾರರೂ ಇದ್ದರು. ಎದುರು ಪಕ್ಷ ಅವರ ಅಣ್ಣ.

ಅವರಿಗೂ ತುಂಬಿಕೊಟ್ಟರು.

ಗದ್ದೆ ಹೋಯಿತು. ಅಣ್ಣ ಹತ್ತು ವರ್ಷ ತಮ್ಮನ ಜೊತೆ ಮಾತು ಬಿಟ್ಟರು. ತಾಯಿಯ ತಿಥಿಗೆ ಒಬ್ಬರು ಬೆಳಿಗ್ಗೆ, ಒಬ್ಬರು ಸಂಜೆ ಬರುತ್ತಿದ್ದರಂತೆ. ಇದನ್ನು ನಮಗೆ ಹೇಳಿದ್ದು ಜೂನಿಯರು. ಅಣ್ಣನ ಮಗ ಅಷ್ಟು ತಿಂಗಳಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಈ ಸಂಗತಿ ಸಂಚಿಕೆಯಲ್ಲಿ ಬಂದರೆ ತಾನು ಸಮಿತಿ ಬಿಡುತ್ತೇನೆಂದು ಅವರು ಪತ್ರ ಬರೆದರು.

ನಾನು ಒತ್ತಾಯಿಸಲಿಲ್ಲ. ವಕೀಲರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದರ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಕೇಳದೆ ತೆತ್ತವರು ಆ ಮನೆಯ ಮಕ್ಕಳು. ನೀವೇ ಬರೆಯಿರಿ, ಬರೆಯುವುದಾದರೆ ಮಾತ್ರ, ನಿಮ್ಮ ಅಪ್ಪನ ಕಡೆಯಿಂದ ಬರೆಯಿರಿ ಎಂದು ಹೇಳಿ ಬಂದೆ. ನಾಲ್ಕು ತಿಂಗಳು ಸುದ್ದಿಯಿಲ್ಲ. ಸಂಚಿಕೆ ಅಲ್ಲೇ ನಿಂತಿತ್ತು, ಉಳಿದವರು ನನ್ನ ಮೇಲೆ ಸಿಟ್ಟಾದರು. ಸೋನೆ ಮಳೆ ಹಿಡಿದ ಆಷಾಢದ ಒಂದು ದಿನ ಹನ್ನೆರಡು ಪುಟ ಕೈಬರಹ ಬಂತು. ಗದ್ದೆ ಹೋದ ವರ್ಷ ಅಪ್ಪ ಕಣಜದ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಹೊಳೆಗೆ ಎಸೆದದ್ದು, ಶಾಲೆಯಲ್ಲಿ ಗೇಣಿದಾರರ ಮಗನ ಪಕ್ಕ ಕೂರಲು ತನಗೆ ಆದ ಸಂಕಟ, ಚಿಕ್ಕಪ್ಪನ ಹೆಣಕ್ಕೆ ಹೆಗಲು ಕೊಡಲು ಆ ಗೇಣಿದಾರರ ಮನೆಯವರೇ ಮೊದಲು ಬಂದಾಗ ಅಪ್ಪ ಸರಿದು ಜಾಗ ಬಿಟ್ಟದ್ದು. ಚಿಕ್ಕಪ್ಪ ಮಾಡಿದ್ದು ಸರಿ ಎಂದು ಆ ಬರಹದಲ್ಲಿ ಎಲ್ಲೂ ಹೇಳಿಲ್ಲ. ತಪ್ಪು ಎಂದೂ ಇಲ್ಲ. ಒಂದು ಅಕ್ಷರವನ್ನೂ ತಿದ್ದದೆ ಹಾಕಿದೆವು. ಸಂಚಿಕೆಯಲ್ಲಿ ಜನ ಮತ್ತೆ ಮತ್ತೆ ಓದಿದ ಲೇಖನ ಅದೇ.

ಹಣ ಎಲ್ಲಿಗೆ ಹೋಯಿತು

ಪ್ರತಿಮೆಯ ವಿಷಯ ಬೇಗ ತೀರ್ಮಾನವಾಯಿತು. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿದೆ ಎಂದು ಜೂನಿಯರು ನೆನಪಿಸಿದರು. ವಕೀಲರ ಪ್ರತಿಮೆಯನ್ನು ಕಾನೂನು ಮೀರಿ ನಿಲ್ಲಿಸುವುದು ಹೇಗೆ? ಇನ್ನೂರು ಪುಟದ ಸಂಚಿಕೆ ಎಪ್ಪತ್ತೆರಡು ಪುಟಕ್ಕೆ ಇಳಿಯಿತು, ಇಪ್ಪತ್ತಾರು ಲೇಖನಗಳಲ್ಲಿ ಐದು ಉಳಿದವು. ಬಿಟ್ಟುಹೋದವರಲ್ಲಿ ಇಬ್ಬರು ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ.

ಉಳಿದ ಹಣದಲ್ಲಿ ಮರದ ಕೆಳಗಿನ ಮೇಜನ್ನು ಮತ್ತೆ ಹಾಕಬೇಕೆಂದು ಹೇಳಿದವರು ಅಡಿಕೆ ವ್ಯಾಪಾರಿಗಳು. ಪ್ರತಿಮೆಗೆ ಅತಿ ಹೆಚ್ಚು ಕೊಡಲು ಮುಂದೆ ಬಂದವರೂ ಅವರೇ. ಸಂತೆಯ ದಿನ ಇಬ್ಬರು ಕಾನೂನು ವಿದ್ಯಾರ್ಥಿಗಳು ಕೂತು ಅರ್ಜಿ ಬರೆದುಕೊಡುವುದು: ಪೋಡಿ, ಪಿಂಚಣಿ, ಬಗರ್ ಹುಕುಂ, ಅರಣ್ಯ ಹಕ್ಕು. ವ್ಯಾಜ್ಯವಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ 15100 ಸಂಖ್ಯೆಗೆ ಅಲ್ಲಿಂದಲೇ ಫೋನ್ ಮಾಡಿಸುವುದು. ಮೊದಲ ಎರಡು ತಿಂಗಳು ಯಾರೂ ಹತ್ತಿರ ಬರಲಿಲ್ಲ. ವಕೀಲರ ಫೋಟೋ, ಬ್ಯಾನರು, ದಾನಿಗಳ ಹೆಸರು ಹಾಕಿದ್ದೆವು. ಜನ ಯಾವುದೋ ಪಕ್ಷದ ಕಚೇರಿ ಎಂದುಕೊಂಡರು. ಬ್ಯಾನರು ಇಳಿಸಿ ಮೇಜನ್ನು ಸೊಸೈಟಿಯ ಜಗಲಿಗೆ ಸರಿಸಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಪರೀಕ್ಷೆಯ ತಿಂಗಳು ವಿದ್ಯಾರ್ಥಿಗಳು ಸಿಗುವುದಿಲ್ಲ, ಆಗ ಜೂನಿಯರುಗಳೇ ಕೂರುತ್ತಾರೆ. ಈಗ ವಾರ ಬಿಟ್ಟು ವಾರ ನಡೆಯುತ್ತಿದೆ.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ಅನುಭವದಿಂದ ಹೇಳುವುದಿದ್ದರೆ, ದೊಡ್ಡವರ ಹತ್ತಿರ ಹೋಗುವ ಮೊದಲು ಗುಮಾಸ್ತರ, ಅಡಿಗೆಯವರ, ಡ್ರೈವರುಗಳ ಮನೆಗೆ ಹೋಗಿ. ನೆನಪು ಕೇಳಬೇಡಿ, ಕುರ್ಚಿ ಎಲ್ಲಿತ್ತು ಎಂದು ಕೇಳಿ. ಮನೆಯವರು ಹೇಳದೆ ಬಿಟ್ಟ ವರ್ಷ ಯಾವುದೆಂದು ಗಮನಿಸಿ, ಆದರೆ ಬಾಗಿಲು ಒಡೆಯಬೇಡಿ. ಕೊಟ್ಟವರ ಹೆಸರು ಎತ್ತಲು ಹೋಗಿ ಪಡೆದವರ ತಲೆ ತಗ್ಗಿಸಬೇಡಿ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಸಮಾರಂಭದ ತಾರೀಖನ್ನು ಕೊನೆಗೆ ಗೊತ್ತುಮಾಡಿ.

ಬಿಡುಗಡೆಗೆ ಎರಡು ದಿನ ಮುಂಚೆ ಗುಮಾಸ್ತರ ಮನೆಗೆ ಸಂಚಿಕೆಯ ಮೊದಲ ಪ್ರತಿ ಒಯ್ದೆ. ಮೊಮ್ಮಗಳು ಚುಕ್ಕಿಯ ಪುಟವನ್ನು ಅಜ್ಜಿಗೆ ಗಟ್ಟಿಯಾಗಿ ಓದಿದಳು. 'ಜಮಾ ಪಕ್ಕದಲ್ಲಿ ಒಂದು ಕೆಂಪು ಚುಕ್ಕಿ' ಎಂಬಲ್ಲಿಗೆ ಬಂದಾಗ ಅಜ್ಜಿ ಕೈ ಎತ್ತಿ ತಡೆದರು.

"ಕೆಂಪು ಅಲ್ಲ ಮಾರಾಯ್ರೆ. ಅವರು ಕಪ್ಪು ಶಾಯಿಯಲ್ಲೇ ಇಡ್ತಿದ್ದದ್ದು. ಕೆಂಪು ಶಾಯಿ ಬಾಕಿಗೆ. ಬಾಕಿ ಅಂತ ಬರೀಬಾರ್ದು ಅಂತಲ್ವಾ ವಕೀಲರು ಹೇಳಿದ್ದು?"

ಹಳೆಯ ಶಾಯಿ ಕಂದು ತಿರುಗಿದ್ದನ್ನು ನಾನು ಕೆಂಪು ಎಂದು ಬರೆದಿದ್ದೆ. ಐನೂರು ಪ್ರತಿ ಅಚ್ಚಾಗಿ ಬಂದಿತ್ತು. ಆ ರಾತ್ರಿ ಬ್ಯಾಂಕಿನವರು, ಅಣ್ಣನ ಮಗ, ನಾನು ಮೂವರೂ ಜಗಲಿಯಲ್ಲಿ ದೀಪ ಹಾಕಿಕೊಂಡು ಕೂತು, ಐನೂರು ಪ್ರತಿಯಲ್ಲೂ 'ಕೆಂಪು' ಎಂಬ ಪದವನ್ನು ಕಪ್ಪು ಪೆನ್ನಿನಲ್ಲಿ ಹೊಡೆದುಹಾಕಿದೆವು. ಬೆಳಗಿನ ಜಾವ ಮೂರು ಗಂಟೆಯಾಯಿತು.